ಹಳ್ಳದಾಚೆಯ ಹಂದರ

ಹಳ್ಳದಲ್ಲಿ ಹಿಮ್ಮಡ ಮುಳುಗುವಷ್ಟು ನೀರು. ಅಷ್ಟೇ. ಆದರೂ ಬೆಳಿಗ್ಗೆ ಅದನ್ನು ದಾಟುವಾಗ ಗಂಡಸರು ಮಾಡಿದ ಗದ್ದಲ ಕೇಳಿದವರು ತುಂಬಿದ ತುಂಗಭದ್ರೆಯನ್ನೇ ದಾಟುತ್ತಿದ್ದಾರೆಂದು ತಿಳಿಯಬೇಕು. ಗಾಡಿಯ ಗಾಲಿ ಆಚೆಯ ದಂಡೆ ಹತ್ತಿದ್ದೇ ತಡ, ಫಕ್ಕಿಯ ಅಪ್ಪ ತಲೆಯ ಮೇಲಿನ ಖಾದಿ ಟೊಪಗಿ ತೆಗೆದು ಗಾಳಿ ಹಾಕಿಕೊಂಡು, “ಬಂದಿವಿ ನೋಡ್ರಿ ನವಾಬನ ನೆಲಕ್ಕ! ಇನ್ನ ಆ ಶಾರದಾ ಕಾಯ್ದೆ ಬಾಲಾ ಮುದುರಿಕೊಂಡು ಆ ದಂಡಿಮ್ಯಾಲ ಕುಂದರಬೇಕು” ಎಂದು ನಕ್ಕಿದ್ದ. ಗಾಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ತಾಯಿ ನಾಗವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದ ಫಕ್ಕಿ, ಅಂದರೆ ಫಕ್ಕೀರವ್ವ, ಒಂಬತ್ತು ವರ್ಷದ ಮದುಮಗಳು, ಗಾಲಿ ಕಲ್ಲಿಗೆ ಬಡಿದು ಎಚ್ಚೆತ್ತು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ತಾನೂ ನಕ್ಕಿತ್ತು. ಹಳ್ಳದ ಈಚೆ ಇಂಗ್ರೇಜಿ ಸರಕಾರ. ಹದಿನಾಲ್ಕು ತುಂಬದ ಹುಡುಗಿಯ ಕೊರಳಿಗೆ ತಾಳಿ ಕಟ್ಟಿದರೆ ಕಟ್ಟಿದವನಿಗೂ ಕಟ್ಟಿಸಿದವನಿಗೂ ಜೇಲು. ಹಳ್ಳದ ಆಚೆ ಸವಣೂರ ಸಂಸ್ಥಾನ. ಅಲ್ಲಿ ಆ ಕಾಯ್ದೆ ಇಲ್ಲ, ಕಟ್ಟಿದವನಿಗೆ ಆರತಿ, ಕಟ್ಟಿಸಿದವನಿಗೆ ಹೋಳಿಗೆ. ಈ ದಂಡೆಯ ಗುನ್ನೆ ಆ ದಂಡೆಗೆ ಹೋಗುವಷ್ಟರಲ್ಲಿ ಮಂಗಲಕಾರ್ಯ ಆಗಿಬಿಡುತ್ತದೆ. ಮಗುವಿನ ಮೈ ಮಾತ್ರ ಎರಡೂ ದಂಡೆಯ ಮೇಲೆ ಅಷ್ಟೇ ಚಿಕ್ಕದು, ಅದನ್ನು ಯಾರೂ ನೋಡುವುದಿಲ್ಲ. ನಾಗವ್ವ ಸೆರಗಿನ ತುದಿಯಿಂದ ಮಗಳ ಬಾಯಿಯ ಜೊಲ್ಲು ಒರೆಸಿದಳು.

ಹಂದರ ಹಾಕಿದ್ದು ಮರಿಯಮಬಿ ಎಂಬ ವಿಧವೆಯ ಹೊಲದಲ್ಲಿ. ಕಾಯ್ದೆ ಬಂದಾಗಿನಿಂದ ಆಕೆ ಅಲ್ಲಿ ಜೋಳ ಬಿತ್ತುವುದನ್ನೇ ಬಿಟ್ಟಿದ್ದಳು. ಬಂಕಾಪುರದ ಕಡೆಯವರು, ಹಾನಗಲ್ಲ ಕಡೆಯವರು, ಲಗ್ನದ ದಿನ ಬಂತೆಂದರೆ ಗಾಡಿ ಕಟ್ಟಿಕೊಂಡು ಬಂದು ಆ ನೆಲ ಬಾಡಿಗೆಗೆ ಹಿಡಿಯುತ್ತಿದ್ದರು. ನೆಲ ತುಳಿದು ತುಳಿದು ಅಂಗಳದ ಹಾಗೆ ಗಟ್ಟಿಯಾಗಿತ್ತು. ಹಿಂದಿನ ಹಂದರಗಳ ಕಂಬದ ಕುಣಿಗಳು ಹಾಗೆಯೇ ಇದ್ದವು, ಹೊಸದಾಗಿ ಅಗೆಯುವ ಕೆಲಸವೇ ಇಲ್ಲ, ಕಂಬ ತಂದು ಇಳಿಸಿದರೆ ಆಯಿತು. ನೀರಿನ ಕೊಡ ತಂದಿಟ್ಟ ಮರಿಯಮಬಿ, ನಾಗವ್ವ ಆ ಕುಣಿಗಳನ್ನೇ ನೋಡುತ್ತಿದ್ದುದನ್ನು ಕಂಡು, “ಹೋದ ವೈಶಾಖದಾಗ ಈ ಕಂಬಕ್ಕ ಒಂದ ಕೂಸು ತೆಕ್ಕಿ ಬಿದ್ದಿತ್ತು ತಂಗಿ, ಬಿಡವಲ್ದು ಅಂದ್ರ ಬಿಡವಲ್ದು. ಬಾಸಿಂಗಾ ಹರದಹೋತು. ನಾಕ ಮಂದಿ ಬೇಕಾತು ಬಿಡಸಾಕ” ಎಂದಳು. “ನೀ ಯಾಕ ಕೊಡ್ತಿ ಬೂಬಮ್ಮ ಹೊಲಾನ?” ಎಂದು ನಾಗವ್ವ ಕೇಳಿದ್ದು ಸಿಟ್ಟಿನಿಂದಲೇ. ಮರಿಯಮಬಿಗೂ ಸಿಟ್ಟು ಬಂತು. “ನಾ ಹೊಲಾ ಕೊಡ್ತೇನಿ. ನೀವು ಕೂಸ ಕೊಡ್ತೀರಿ. ನನ್ನ ಕೇಳಾಕ ಬಂದ್ಲು ನೋಡ!” ಎಂದು ಬರಿಗೊಡ ಸೊಂಟಕ್ಕಿಟ್ಟು ಹೋದಳು. ಹೌದು, ಕೊಡುತ್ತಿರುವವಳು ತಾನೇ. ಬೀಗರು ಬಂದು ಸಕ್ಕರೆ ಹಂಚಿದ ದಿನ ವರನ ತಾಯಿ ಗೌಡತಿಯ ಬಾಯಿಗೆ ಸಕ್ಕರೆ ಹಾಕಿದ್ದು ಇದೇ ಕೈ, ಆಕೆ ಹಾಕಿದ್ದನ್ನು ತಿಂದದ್ದು ಇದೇ ಬಾಯಿ. ಅಂದು ನಡುಮನೆಯಲ್ಲಿ ನಿಂತು ಒಂದು ಮಾತು, ಒಲ್ಲೆ ಎಂಬ ಒಂದೇ ಮಾತು, ಗಂಟಲತನಕ ಬಂದು ಸಕ್ಕರೆಯ ಜೊತೆಗೆ ಕರಗಿಹೋಗಿತ್ತು. ಅದನ್ನು ನೆನೆದರೆ ಇಂದಿಗೂ ನಾಲಿಗೆಯ ಮೇಲೆ ಸಿಹಿ ಅಂಟಿಕೊಂಡೇ ಇದೆ, ಥೂ, ಎಷ್ಟು ತೊಳೆದರೂ ಹೋಗುವುದಿಲ್ಲ.

ಹಂದರದ ಬಾಗಿಲಲ್ಲಿ ಹೆಂಗಸರು ಅಡ್ಡ ನಿಂತಿದ್ದರು. ಒಡಪು ಹೇಳದೆ, ಅಂದರೆ ಹಾಡಿನ ಸಾಲಿನಲ್ಲಿ ಗಂಡನ ಹೆಸರು ಹೆಣೆದು ಹೇಳದೆ, ಯಾವ ಮುತ್ತೈದೆಯನ್ನೂ ಒಳಗೆ ಬಿಡುವ ಪದ್ಧತಿ ಇಲ್ಲ. ಉಳಿದ ದಿನ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ಮದುವೆಯ ಹಂದರದಲ್ಲಿ ಒಡಪಿನೊಳಗೆ ಹೇಳಿದರೆ ಮಾತ್ರ ದೋಷವಿಲ್ಲ. “ಹೇಳ ನಾಗವ್ವಾ, ಮದುಮಗಳ ತಾಯಿ ನೀನ ಹೇಳದಿದ್ರ ಹೆಂಗ?” “ಬಾಯಾಗ ಹುಣ್ಣಾಗೇತಿ” ಎಂದಳು ನಾಗವ್ವ. ಅವಳ ಅತ್ತೆ ಭರಮವ್ವ ಒಳಗಿನಿಂದಲೇ, “ಹುಣ್ಣಲ್ಲವಾ, ಬಿಗುಮಾನ! ಮಾರಿ ನೋಡ್ರಿ ಹೆಂಗ ಮಾಡ್ಯಾಳ, ಮಗಳ ಲಗ್ನಲ್ಲ, ಮಣ್ಣಿಗೆ ಬಂದಾಳೇನೋ ಅನ್ನಂಗ” ಎಂದಳು. ಹೆಂಗಸರು ನಕ್ಕು ದಾರಿ ಬಿಟ್ಟರು. ನಾಗವ್ವ ಈ ಹದಿನೆಂಟು ವರ್ಷ ಗಂಡನ ಹೆಸರಿನ ಆ ಮೂರಕ್ಷರವನ್ನು ಬಿಡಿಯಾಗಿ ಒಮ್ಮೆಯೂ ನುಡಿದವಳಲ್ಲ. ಊರದೇವತೆಯ ಹೆಸರೂ ಅದರ ಹತ್ತಿರದ್ದೇ ಆದುದರಿಂದ ಆಕೆಯನ್ನೂ ‘ಊರವ್ವ’ ಎಂದೇ ಕರೆದು ಕೈಮುಗಿಯುತ್ತಿದ್ದಳು. ದೇವರಿಗೂ ಹೆಸರಿಲ್ಲದ ಹಾಗೆ ಮಾಡಿದ್ದಳು. ಈಗ ಹುಣ್ಣಿನ ಸುಳ್ಳು ಹೇಳಿದ ಬಾಯಿ ನಿಜವಾಗಿಯೂ ಉರಿಯತೊಡಗಿತು. ಉರಿದದ್ದು ಒಡಪಿನ ನೆನಪಿಗೆ, ಕಚೇರಿಯಲ್ಲಿ ಹೇಳಿದ ಆ ಒಡಪಿನ ನೆನಪಿಗೆ.

ಎರಡು ಸಂತೆಯ ಹಿಂದೆ ಬೆಣ್ಣೆ ಮಾರುವ ನೆವ ಮಾಡಿ ಸರಕಾರಿ ಕಚೇರಿಗೆ ಹೋಗಿದ್ದಳು. ಕಚೇರಿಯ ಕಟ್ಟೆ ಹತ್ತುವಾಗ ಕಾಲು ಹಿಂದೆ ಜಗ್ಗಿದ್ದವು. ಅದೇ ಸರಕಾರ ತಾನೇ ಕರನಿರಾಕರಣೆಯ ವರ್ಷ ಅವಳ ಮನೆಗೆ ಬೂಟುಗಾಲಲ್ಲಿ ನುಗ್ಗಿದ್ದು? ಅಡಗಿಸಿಟ್ಟ ಕಾಗದ ಹುಡುಕುತ್ತೇವೆಂದು ಜೋಳದ ಹಿಟ್ಟಿನ ಮಡಕೆ ನೆಲಕ್ಕೆ ಸುರುವಿ, ಟ್ರಂಕಿನಿಂದ ಅವಳ ಹಳೆಯ ಕುಬಸಗಳನ್ನು ಬಡಿಗೆಯ ತುದಿಯಿಂದ ಎತ್ತಿ ಎತ್ತಿ ನೋಡಿದ್ದರು. ಒಬ್ಬ ಸಿಪಾಯಿ ಒಂದನ್ನು ಬೆಳಕಿಗೆ ಹಿಡಿದು ಇನ್ನೊಬ್ಬನಿಗೆ ಕಣ್ಣು ಮಿಟುಕಿಸಿದ್ದ. ಅಂಥ ಸರಕಾರದ ಬಾಗಿಲಿಗೆ ಬಂದು, ನನ್ನ ಮಗಳನ್ನು ಉಳಿಸ್ರಿ ಎಂದು ಬೇಡುವುದೆಂದರೆ ತನ್ನ ಮನೆಯ ತೊಲೆ ತಾನೇ ಕಿತ್ತು ಕಳ್ಳನ ಕೈಗೆ ಕೊಟ್ಟ ಹಾಗೆ. ಆದರೂ ಹತ್ತಿದಳು. ಶಾರದಾ ಎಂದರೆ ಯಾರೋ ದೊಡ್ಡ ಮನೆಯ ಬಾಯಿ, ಹೆಣ್ಣುಮಕ್ಕಳ ಗೋಳು ನೋಡಲಾರದೆ ಕಾಯ್ದೆ ಬರೆದವಳು ಎಂದೇ ಅವಳು ತಿಳಿದಿದ್ದಳು. ಕಾರಕೂನ ಅದನ್ನು ಕೇಳಿ ಮೊದಲು ನಕ್ಕ. “ಬಾಯಿ ಅಲ್ಲವಾ ಅದು, ಗಂಡಸು ಇದ್ದಾನ. ಇರ್ಲಿ. ಯಾರ ಮ್ಯಾಲೆ ಫಿರ್ಯಾದಿ?” ಮಗಳ ಅಪ್ಪನ ಮೇಲೆ, ಎಂದಳು. “ಹೆಸರು?” ನಾಗವ್ವ ಬಾಯಿ ತೆರೆದಳು. ಬರಲಿಲ್ಲ. ಸುತ್ತ ನೋಡಿದಳು, ಹೆಸರು ಹೇಳಿಕೊಡುವ ಇನ್ನೊಬ್ಬ ಹೆಂಗಸಾದರೂ ಇದ್ದಾಳೇನೋ ಎಂದು. ಯಾರೂ ಇಲ್ಲ. ಬರೇ ಗಂಡಸರು, ಬರೇ ಟೊಪಗಿ, ಬರೇ ಮೀಸೆ. “ಹೇಳವಾ, ಹೊತ್ತಾತು.” ಆಗ ಅವಳಿಗೆ ತಿಳಿದ ಒಂದೇ ದಾರಿಯಿಂದ ಆ ಹೆಸರು ಹೊರಬಿತ್ತು. ತಲೆ ತಗ್ಗಿಸಿ, ಸೆರಗು ಹಲ್ಲಿನಲ್ಲಿ ಕಚ್ಚಿ, ಕಚೇರಿಯ ನಡುವೆ ನಿಂತು, ಇಂಥವರ ಎಂಬಲ್ಲಿ ಅವನ ಹೆಸರಿಟ್ಟು ಒಡಪು ಹೇಳಿದಳು: ಸವಣೂರ ಎಲಿಗೆ ಸುಣ್ಣ ಹಚ್ಚಿ ಮಡಚೇನಿ ಸುರುಳಿ, ಇಂಥವರ ಹೆಸರ ಹೇಳತೇನಿ ಹಂದರಕ್ಕ ಮರಳಿ.

ಕಚೇರಿಗೆ ಕಚೇರಿಯೇ ನಕ್ಕಿತು. ಬಾಗಿಲಲ್ಲಿದ್ದ ಪಟ್ಟೇವಾಲ ಒಳಗೆ ಬಂದು ನಕ್ಕ. ಕಾರಕೂನ ಕಣ್ಣೊರೆಸಿಕೊಂಡು, “ವಾರೆವ್ವಾ! ಇನ್ನೊಂದ ಹೇಳು. ಗಂಡನ್ನ ಜೇಲಿಗೆ ಕಳಸಾಕ ಒಡಪ ಹೇಳಾಕಿನ್ನ ಇವತ್ತ ನೋಡಿದೆ” ಎಂದ. ಅನಂತರ ದನಿ ಬದಲಿಸಿ, ದಯೆ ತೋರಿಸುವವನಂತೆ, “ಹಾಡಿನ್ಯಾಗ ಹೇಳಿದ್ದು ನಡಿಯಂಗಿಲ್ಲ. ಬಿಡಿಸಿ ಹೇಳಬೇಕು, ನೂರ ರೂಪಾಯಿಗೆ ಮುಚ್ಚಳಿಕೆ ಬರದು ಕೊಡಬೇಕು. ಮತ್ತ ಲಗ್ನ ಆದಮ್ಯಾಲೆ ಬರಬೇಕವಾ, ಆಗೂದಕ್ಕ ಮೊದಲ ಗುನ್ನೆ ಎಲ್ಲೈತಿ?” ಎಂದ. ಆದಮೇಲೆ! ಬಾವಿಗೆ ಬಿದ್ದ ಮೇಲೆ ಬಾವಿಗೆ ಕಟ್ಟೆ ಕಟ್ಟುವವರು ಇವರು. ಅದೂ ಅವರ ನೆಲದಲ್ಲಿ ಬಿದ್ದರೆ ಮಾತ್ರ. ಹಳ್ಳದಾಚೆ ಬಿದ್ದರೆ ಅದೂ ಇಲ್ಲ. ಕಟ್ಟೆ ಇಳಿದು ಬರುವಾಗ ಬೆನ್ನ ಹಿಂದೆ ಯಾರೋ ‘ಮಡಚೇನಿ ಸುರುಳಿ’ ಎಂದು ಹೆಣ್ಣುದನಿ ಮಾಡಿ ಅಂದರು. ಅವಳಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ತನ್ನ ನಾಲಿಗೆಯ ಮೇಲೆ. ಸಂತೆಯ ಗದ್ದಲದಲ್ಲಿ ನಿಂತು ಆ ನಾಲಿಗೆಯನ್ನು ಹಲ್ಲಿನಿಂದ ಕಚ್ಚಿದಳು, ರಕ್ತದ ರುಚಿ ಬರುವವರೆಗೆ.

“ಅಕ್ಕಿಕಾಳಿಗೆ ಹೊತ್ತಾತ್ರಿ, ಹುಡುಗೀನ್ನ ತಯಾರ ಮಾಡ್ರಿ” ಎಂದು ಲಗ್ನ ಮಾಡಿಸುವ ಅಯ್ಯನವರು ಕೂಗಿದರು. ಫಕ್ಕಿಗೆ ಹಸಿರು ಸೀರೆ ಸುತ್ತಿದ್ದರು. ಸುತ್ತಿದ್ದರು ಎನ್ನಬೇಕಷ್ಟೇ, ಉಳಿದ ಸೀರೆಯನ್ನೆಲ್ಲ ಹೊಟ್ಟೆಯ ಮುಂದೆ ತುರುಕಿ ಭರಮವ್ವ, “ಈಗ ನೋಡ, ಬಸುರಿ ಕಂಡಂಗ ಕಾಣತೈತಿ” ಎಂದು ಚೇಷ್ಟೆ ಮಾಡಿದಳು. ನಾಗವ್ವ ಅರಿಶಿಣದ ಬಟ್ಟಲು ಕೆಳಗಿಟ್ಟು, ತುರುಕಿದ ಸೀರೆಯನ್ನು ಬಿಡಿಸಿ ಬೆನ್ನಿಗೆ ಸುತ್ತಿದಳು. ವರ ಉಳವಪ್ಪಗೌಡನ ಮಗ, ಇಪ್ಪತ್ತೆರಡರ ಗಂಡು, ಆ ಕಡೆ ಮಣೆಯ ಮೇಲೆ ಕುಳಿತು ಮೀಸೆ ನೀವುತ್ತಿದ್ದ. ಇದು ಅವನಿಗೆ ಎರಡನೆಯದು. ಮೊದಲನೆಯವಳೂ ಹತ್ತರಲ್ಲಿ ಬಂದವಳು; ಹದಿಮೂರರಲ್ಲಿ ಹೆರಲಾರದೆ, ಮೂರು ದಿನ ಒದ್ದಾಡಿ, ಕೂಸನ್ನು ಒಳಗಿಟ್ಟುಕೊಂಡೇ ಹೋದಳು. ಹೆಣಕ್ಕೆ ಉಡಿಸಲು ಹೋದ ಹೆಂಗಸರು ಅವಳ ಹಾಸಿಗೆಯ ಕೆಳಗೆ ಗಜ್ಜುಗದ ಕಾಯಿ ಸಿಕ್ಕವೆಂದು ಹೇಳಿದ್ದರು, ಆಡುವ ಗಜ್ಜುಗ. ನಾಗವ್ವನ ಮೊದಲ ಕೂಸೂ ಹಾಗೆಯೇ, ಅವಳ ಹದಿಮೂರರಲ್ಲಿ, ಕಪ್ಪಾಗಿ, ಅಳದೆ. ಅವಳು ಉಳಿದಳು, ಅಷ್ಟೇ ವ್ಯತ್ಯಾಸ. “ನಾವೆಲ್ಲಾ ಮಾಡಿಕೊಂಡು ಸತ್ತೇವೇನ?” ಎಂದು ಭರಮವ್ವ ಕೇಳಿದಾಗಲೆಲ್ಲ, ಸತ್ತವರು ಬಂದು ಉತ್ತರ ಹೇಳಲಾರರಲ್ಲ ಅತ್ತೀ, ಎಂದು ನಾಗವ್ವ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ.

ಪಕ್ಕದ ತಟ್ಟಿಯ ಆಚೆ ಗಂಡಸರು ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ಫಕ್ಕಿಯ ಅಪ್ಪನ ದನಿ ಎಲ್ಲಕ್ಕಿಂತ ಮೇಲೆ. “ಸರಕಾರಕ್ಕ ನಮ್ಮ ಮನಿಯೊಳಗ ಏನ ಕೆಲಸಾರಿ ಗೌಡ್ರ? ಇವತ್ತ ಯಾರನ್ನ ಯಾವಾಗ ಲಗ್ನಾ ಮಾಡಬೇಕಂತ ಹೇಳತಾರ, ನಾಳೆ ಒಲಿ ಮುಂದ ಬಂದು ರೊಟ್ಟಿ ಎಣಸ್ತಾರ. ಇದರ ಸಲುವಾಗೇನ ನಾ ಜೇಲಿಗೆ ಹೋಗಿ ಬಂದದ್ದು? ನಮ್ಮ ಮನಿ ನಮ್ಮದು. ಸ್ವರಾಜ್ಯ ಅಂದ್ರ ಅದ!” ಮಾತು ಸುಳ್ಳಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ಬರಿಸುತ್ತಿತ್ತು. ಹಿಟ್ಟಿನ ಮಡಕೆ ಒಡೆದವರ ಮೇಲೆ ಅವಳಿಗೂ ಅಷ್ಟೇ ಸಿಟ್ಟು. ಆದರೆ ನಮ್ಮ ಮನೆ ಎಂದನಲ್ಲ, ಆ ನಮ್ಮಲ್ಲಿ ತಾನು ಎಲ್ಲಿದ್ದೇನೆ, ಫಕ್ಕಿ ಎಲ್ಲಿದ್ದಾಳೆ? ಮನೆಯ ಬಾಗಿಲು ಹೊರಗಿನವರಿಗೆ ಹಾಕಿಕೊಂಡರೆ ಸ್ವರಾಜ್ಯ. ಒಳಗಿದ್ದವರಿಗೆ ಅದೇ ಬಾಗಿಲು ಏನು? ಉಳವಪ್ಪಗೌಡ ಮಾತ್ರ ಮೆಲ್ಲಗೆ, “ಜೋರ ಮಾತಾಡಬ್ಯಾಡ್ರಿ ಬೀಗರ. ನನ್ನದು ಸರಕಾರದ ಗೌಡಕಿ. ಹಿರೇಕೆರೂರ ಕಡೆ ಒಬ್ಬಾಂವನ ಮ್ಯಾಲೆ ಬರೇ ಒಂದ ಅರ್ಜಿ ಹೋಗಿದ್ದಕ್ಕ ವತನ ಅಮಾನತ್ತ ಆಗಿ ಗೌಡಕಿ ನಿಂತಹೋತು. ಇಲ್ಲಿತನಕಾ ಬಂದದ್ದ ಅದಕ್ಕಲ್ಲೇನ?” ಎಂದ. ಕಾಯ್ದೆಗೆ ಹಲ್ಲಿಲ್ಲ, ಆದರೆ ಸಾಹೇಬನಿಗೆ ಕಿವಿ ಇದೆ, ಅಷ್ಟು ಗೌಡನಿಗೆ ಗೊತ್ತು. ನಾಗವ್ವ ಅದನ್ನು ಕೇಳಿದಳು. ಕೇಳಿ ಏನೂ ಯೋಚಿಸಲಿಲ್ಲ, ಮಗಳ ಹಣೆಗೆ ಬಾಸಿಂಗ ಕಟ್ಟುತ್ತಿದ್ದಳು.

“ಅವ್ವಾ” ಎಂದಿತು ಫಕ್ಕಿ ಕಿವಿಯಲ್ಲಿ, “ಉಚ್ಚಿ ಬಂದೈತಿ.”

ಭರಮವ್ವ ಹಣೆ ಬಡಿದುಕೊಂಡಳು. “ಈಗ? ಅಕ್ಕಿಕಾಳ ಕೈಯಾಗ ಹಿಡಕೊಂಡ ನಿಂತಾರ ಮಂದಿ! ಲಗೂನ ಕರಕೊಂಡ ಹೋಗಿ ಬಾ, ಸೀರಿ ತೊಯಿಸ್ಯಾಳ ಮತ್ತ.” ನಾಗವ್ವ ಮಗಳ ಕೈ ಹಿಡಿದು ಹೊರಟಳು. ಹೊಲದಲ್ಲಿ ಮರೆ ಇಲ್ಲ, ಎಲ್ಲ ಕಡೆ ಗಾಡಿ, ಎತ್ತು, ಗಂಡಸರು. ಮರೆ ಇದ್ದದ್ದು ಹಳ್ಳ ದಾಟಿ, ಬೆಳಿಗ್ಗೆ ಬಿಟ್ಟು ಬಂದ ಇಂಗ್ರೇಜಿ ದಂಡೆಯ ಲಕ್ಕಿಯ ಪೊದೆಗಳಲ್ಲಿ. ಅಷ್ಟೇ ಕಾರಣ. ಬೇರೆ ಯಾವ ಕಾರಣವೂ ಆಗ ಅವಳ ಮನಸ್ಸಿನಲ್ಲಿರಲಿಲ್ಲ, ಗುರುಬಸವಣ್ಣನ ಆಣೆ. ಹಳ್ಳದಲ್ಲಿ ಇಳಿದಾಗ ಫಕ್ಕಿಯ ಸೀರೆ ಬಿಚ್ಚಿ ನೀರಲ್ಲಿ ಎಳೆದಾಡಿತು, ನಾಗವ್ವ ಅದನ್ನು ಗಂಟುಮಾಡಿ ಮಗಳನ್ನು ಸೊಂಟಕ್ಕೆ ಎತ್ತಿಕೊಂಡಳು. ಎಷ್ಟು ಹಗುರ. ಜೋಳದ ಬುಟ್ಟಿಗಿಂತ ಹಗುರ. ಪೊದೆಯ ಮರೆಗೆ ಮಗು ಕುಕ್ಕರಗಾಲಲ್ಲಿ ಕುಳಿತು, ಬಾಸಿಂಗ ಓರೆಯಾಗಿ, ನೆಲದ ಮೇಲೆ ಓಡುವ ಇರುವೆಗಳನ್ನು ನೋಡುತ್ತ, “ಅವ್ವಾ, ಇರುವಿಗೂಳಿಗೆ ಮಳಿ ಬಂತು” ಎಂದು ನಕ್ಕಿತು. ನಾಗವ್ವ ಆಚೆ ದಂಡೆಯ ಹಂದರ ನೋಡಿದಳು. ಇಲ್ಲಿಂದ ಅದು ಎಷ್ಟು ಸಣ್ಣದಾಗಿ ಕಾಣುತ್ತಿತ್ತು. ವಾಲಗ ಊದುತ್ತಿದ್ದರು. ಮಗಳು ಎದ್ದು ಸೀರೆ ಜಾಡಿಸಿ, “ನಡಿ” ಎಂದಿತು. ನಾಗವ್ವನ ಕಾಲು ಏಳಲಿಲ್ಲ. ಕಚೇರಿಯ ಕಟ್ಟೆಯ ಮೇಲೆ ಹಿಂದೆ ಜಗ್ಗಿದ ಕಾಲುಗಳೇ ಇವು. ಈಗ ಮುಂದೆ ಹೋಗಲು ಒಲ್ಲವು. ದಂಡೆಯ ಮೇಲಿನ ಒಂದು ಕಲ್ಲಿನ ಮೇಲೆ ಕುಳಿತು ಮಗಳನ್ನು ತೊಡೆಗೆ ಎಳೆದುಕೊಂಡಳು. “ಸ್ವಲ್ಪ ಕುಂದರೂಣು” ಎಂದಳು.

ಮೊದಲು ಭರಮವ್ವ ಕೂಗಿದಳು. ಆಮೇಲೆ ಹೆಂಗಸರು ನಾಲ್ಕು ಜನ ದಂಡೆಗೆ ಬಂದು ಕೈಬೀಸಿದರು. ವಾಲಗ ನಿಂತಿತು. ಹಂದರದ ಮಂದಿ ಒಬ್ಬೊಬ್ಬರಾಗಿ ಹಳ್ಳದ ಅಂಚಿಗೆ ಬಂದು, ಅಂಚಿಗೇ ನಿಂತರು, ಗೆರೆ ಕೊರೆದ ಹಾಗೆ. ವರನೂ ಮಣೆ ಬಿಟ್ಟು ಬಂದ. ಉಳವಪ್ಪಗೌಡ ಎಲ್ಲರ ಹಿಂದೆ, ರುಮಾಲಿನ ಸೆರಗಿನಿಂದ ಮುಖ ಅರ್ಧ ಮುಚ್ಚಿಕೊಂಡು. ಈ ಬದಿಯ ದಾರಿಯಲ್ಲಿ ಯಲವಿಗಿ ಸ್ಟೇಶನ್ನಿಗೆ ವೀಳ್ಯದೆಲೆಯ ಪೆಂಡಿ ಹೊತ್ತು ಹೊರಟಿದ್ದವರು ಜಾತ್ರೆ ಸಿಕ್ಕಿತೆಂದು ನಿಂತರು. ಫಕ್ಕಿಯ ಅಪ್ಪ ಹಳ್ಳಕ್ಕೆ ಇಳಿದ. ನಡು ಹಳ್ಳದತನಕ ದಡದಡ ಬಂದವನು ದಾರಿಯ ಮೇಲಿನ ಮಂದಿಯನ್ನು ಕಂಡು ಅಲ್ಲಿಯೇ ನಿಂತ. “ಏನ ಹುಚ್ಚ ಹಿಡದೈತೇನ ನಿನಗ? ಹುಡುಗೀನ್ನ ಕರಕೊಂಡ ಬಾ. ಹೊತ್ತ ಮೀರಾಕತ್ತೈತಿ” ಎಂದ, ಹಲ್ಲು ಕಚ್ಚಿ, ದನಿ ಏರಿಸದೆ. ದನಿ ಏರಿಸಲಾರದ ಅವನನ್ನು ಅವಳು ಮೊದಲ ಸಲ ನೋಡಿದಳು. “ಬರಂಗಿಲ್ರಿ” ಎಂದಳು. “ಬರಂಗಿಲ್ಲಂದ್ರ? ಅಕಿಗೆ ಹದಿನಾಲ್ಕ ತುಂಬೂತನಕಾ ಅಲ್ಲೇ ಕುಂದರತೀಯೇನ?” ಆಚೆ ದಂಡೆಯಲ್ಲಿ ಯಾರೋ ನಕ್ಕರು. “ಕುಂದರತೇನಿ” ಎಂದಳು ನಾಗವ್ವ.

ಅವನು ಒಂದು ಹೆಜ್ಜೆ ಮುಂದೆ ಇಟ್ಟ. “ಎಳಕೊಂಡ ಬರ್ತೇನಿ ಅಷ್ಟ.” ಆಗ ಅವಳು ಎದ್ದು ನಿಂತಳು, ಮಗಳನ್ನು ಹಿಂದೆ ಮಾಡಿ. ಸವಣೂರ ಎಲಿಗೆ ಸುಣ್ಣ ಹಚ್ಚಿ ಎಂಬ ಸಾಲು ಅಭ್ಯಾಸಬಲದಿಂದ ತುಟಿತನಕ ಬಂತು. ಅದನ್ನು ನುಂಗಿದಳು. ಎಲೆಯ ಪೆಂಡಿ ಹೊತ್ತವರ ಕಡೆ ತಿರುಗಿ, ಸಂತೆಗೆ ಸಂತೆಯೇ ಕೇಳುವಂತೆ ಕೂಗಿದಳು. “ಕೇಳ್ರೆಪ್ಪೋ! ಇದು ನಂದು ಒಂಬತ್ತ ವರ್ಷದ ಕೂಸು. ಇಕೀನ್ನ ಲಗ್ನಾ ಮಾಡಾಕ ಹೊಂಟಾರ. ಮಾಡಿಕೊಳ್ಳಾಂವ ಅಕಾ ಅಲ್ಲಿ ನಿಂತಾನ. ಮಾರಿ ಮುಚಗೊಂಡ ನಿಂತಾಂವ ಅವನಪ್ಪ ಉಳವಪ್ಪಗೌಡ, ಹಾನಗಲ್ಲ ಕಡ್ಯಾಂವ, ಸರಕಾರದ ಗೌಡ. ಮತ್ತ ಇಕೀನ್ನ ಕೊಡಾಂವ, ಇಕಿ ಅಪ್ಪ, ನನ್ನ ಗಂಡ,” ಉಸಿರು ಎಳೆದುಕೊಂಡಳು, “ಹಿರೇಬೆಂಡಿಗೇರಿ ದ್ಯಾಮಪ್ಪ! ಕೇಳಿತೇನ್ರಿ? ದ್ಯಾಮಪ್ಪ! ಯಾರ ಕೇಳಿದ್ರೂ ಹೇಳ್ರಿ, ಹೇಂತೀನ ಹೆಸರ ಹೇಳ್ಯಾಳಂತ ಹೇಳ್ರಿ!”

ಆಚೆ ದಂಡೆಯಲ್ಲಿ ಭರಮವ್ವ ಎದೆ ಬಡಿದುಕೊಂಡು ಅತ್ತಳು, ಮಗ ಸತ್ತೇಹೋದ ಹಾಗೆ. ಮುತ್ತೈದೆಯರು ಕಿವಿ ಮುಚ್ಚಿಕೊಂಡರು. ಮರಿಯಮಬಿ ಮಾತ್ರ ಕೊಡವನ್ನು ನೆಲಕ್ಕಿಟ್ಟು ನೋಡುತ್ತ ನಿಂತಿದ್ದಳು. ಎಲೆಯವರಲ್ಲಿ ಒಬ್ಬ, “ಯಾವ ಗೌಡ? ಹಾನಗಲ್ಲ ಕಡ್ಯಾಂವಾ?” ಎಂದು ಇನ್ನೊಬ್ಬನನ್ನು ಗಟ್ಟಿಯಾಗಿ ಕೇಳಿದ. ಅಷ್ಟೇ ಸಾಕಾಯಿತು. ರುಮಾಲಿನ ಮುಖ ಹಿಂದೆ ಸರಿಯಿತು, “ಗಾಡಿ ಕಟ್ರಲೇ!” ಎಂಬ ದನಿ ಕೇಳಿತು, ವರ ಬಾಸಿಂಗ ಕಿತ್ತು ಅಪ್ಪನ ಹಿಂದೆ ನಡೆದ. ಕಟ್ಟಿದ ಎತ್ತಿನ ಗೆಜ್ಜೆಯ ಸದ್ದು ದೂರ ಸರಿಯಿತು. ದ್ಯಾಮಪ್ಪ ನಡು ಹಳ್ಳದಲ್ಲಿ ನಿಂತೇ ಇದ್ದ. ಟೊಪಗಿ ಯಾವಾಗಲೋ ಬಿದ್ದು ನೀರಿನಲ್ಲಿ ಹೋಗಿ ಒಂದು ಕಲ್ಲಿಗೆ ಸಿಕ್ಕಿಕೊಂಡಿತ್ತು, ಅದನ್ನು ಎತ್ತಿಕೊಳ್ಳಲೂ ಇಲ್ಲ. “ಹೆಸರ ಹಿಡದ್ಯಲ್ಲ” ಎಂದ. ಬೈಗಳಿಲ್ಲ, ಬರೇ ಅಷ್ಟು. “ಮಂದ್ಯಾಗ ಹೆಸರ ಹಿಡದ್ಯಲ್ಲ ನಂದು. ಇನ್ನ ಯಾವ ಮಾರೀಲೆ ಮನಿಗೆ ಬರತಿ?”

ಮನೆ. ಅವಳಿಗೆ ಮನೆಯ ಒಲೆ ಕಂಡಿತು, ಒಡೆದ ಮಡಕೆಯ ಬದಲು ತಂದ ಹೊಸ ಮಡಕೆ, ಬಾಗಿಲ ಅಗಳಿ. ಹೆದರಿಕೆ ಆಯಿತು, ಸುಳ್ಳೇಕೆ. ಇಂದಿನ ಹೊತ್ತೊಂದು ಮೀರಿತು, ನಾಳೆಗೆ ಇನ್ನೊಂದು ಹೊತ್ತು, ಇನ್ನೊಂದು ಹಳ್ಳ, ಇನ್ನೊಬ್ಬ ಗೌಡ ಇದ್ದೇ ಇರುತ್ತಾನೆ. ಫಕ್ಕಿ ಹಿಂದಿನಿಂದ ಸೆರಗು ಜಗ್ಗಿ, ಪಿಸುಗುಟ್ಟಿ ಕೇಳಿತು, “ಅವ್ವಾ, ಹೆಸರ ಹೇಳಿದ್ರ ಅಪ್ಪ ಸಾಯ್ತಾನಂತಿದ್ಲಲ್ಲ ಅಜ್ಜಿ? ಸಾಯಲೇ ಇಲ್ಲ.” ನಾಗವ್ವ ನೋಡಿದಳು. ಇಲ್ಲ, ಸತ್ತಿರಲಿಲ್ಲ. ಹಿಮ್ಮಡದ ನೀರಲ್ಲಿ, ಆ ಸರಕಾರಕ್ಕೂ ಈ ಸರಕಾರಕ್ಕೂ ನಡುವೆ, ಗುಂಡುಕಲ್ಲಿನ ಹಾಗೆ ನಿಂತಿದ್ದ, ಗಟ್ಟಿಮುಟ್ಟಾಗಿ, ಉಸಿರಾಡುತ್ತ. ಅವಳ ಬಾಯಿಯ ಉರಿ ನಿಂತಿತ್ತು.

“ದ್ಯಾಮಪ್ಪಾ” ಎಂದಳು ಇನ್ನೊಮ್ಮೆ, ಈ ಸಲ ಕೂಗದೆ. “ನೀರಾಗ ನಿಂದರಬ್ಯಾಡ. ಆ ದಂಡಿಗಾರ ಹೋಗು, ಈ ದಂಡಿಗಾರ ಬಾ.”